ಆಮ್ಲಕ್ಕೊಂದು ಅಳತೆಗೋಲು

ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ ನಗರದ ಅಂಚಿನಲ್ಲಿ ವಾಲ್ಬಿ ಎಂಬ ದಿಣ್ಣೆಯ ಪ್ರದೇಶವಿದೆ. 1847ರಲ್ಲಿ ಜೆ. ಸಿ. ಯಾಕೋಬ್‌ಸೆನ್ ಎಂಬ ಉದ್ಯಮಿಯು ಅಲ್ಲಿ ಬಾರ್ಲಿಯಿಂದ ಬಿಯರ್ ತಯಾರಿಸುವ ಕಾರ್ಖಾನೆಯೊಂದನ್ನು ಕಟ್ಟಿಸಿದನು. ತನ್ನ ಮಗ ಕಾರ್ಲನ ಹೆಸರಿಗೆ ಗುಡ್ಡವೆಂಬ ಅರ್ಥದ ಮಾತನ್ನು ಸೇರಿಸಿ ಅದಕ್ಕೆ ಕಾರ್ಲ್ಸ್‌ಬರ್ಗ್ ಎಂದು ಹೆಸರಿಟ್ಟನು. ಹುದುಗುವಿಕೆಯೆಂಬುದು ಬಹು ಸೂಕ್ಷ್ಮವಾದ ಕ್ರಿಯೆ. ಒಂದೇ ಧಾನ್ಯ, ಒಂದೇ ನೀರು, ಒಂದೇ ಕೈಕೆಲಸವಿದ್ದರೂ ಒಮ್ಮೆ ಹದವಾಗಿ ಬಂದ ಪದಾರ್ಥ ಮತ್ತೊಮ್ಮೆ ಕೆಟ್ಟು ಹೋಗುತ್ತಿತ್ತು. ಇದರ ಕಾರಣವನ್ನು ಅರಿಯಬೇಕೆಂಬ ಹಂಬಲದಿಂದ ಯಾಕೋಬ್‌ಸೆನ್ 1875ರಲ್ಲಿ ಕಾರ್ಖಾನೆಯ ಪಕ್ಕದಲ್ಲಿಯೇ ಒಂದು ಪ್ರಯೋಗಶಾಲೆಯನ್ನು ತೆರೆದನು. ಅಲ್ಲಿ ಕಂಡುಕೊಂಡ ಯಾವ ಮಹತ್ವದ ಸಂಗತಿಯನ್ನೂ ಗುಟ್ಟಾಗಿ ಇರಿಸಕೂಡದೆಂಬುದು ಆತನು ವಿಧಿಸಿದ ನಿಯಮ. ಲಾಭವನ್ನೇ ನಂಬಿ ಬಾಳುವ ವ್ಯಾಪಾರಿಯೊಬ್ಬನು ಇಂತಹ ನಿಯಮವನ್ನು ವಿಧಿಸಿದ್ದು ವಿಶೇಷವೇ ಸರಿ.

ಈ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್‌ಸೆನ್ನನು ಒಂದೇ ಕೋಶದಿಂದ ಶುದ್ಧವಾದ ಯೀಸ್ಟನ್ನು ಬೆಳೆಸುವ ಕ್ರಮವನ್ನು ರೂಪಿಸಿದನು. ಯೋಹಾನ್ ಕೆಲ್ಡಾಲನು 1883ರಲ್ಲಿ ಪದಾರ್ಥಗಳಲ್ಲಿರುವ ಸಾರಜನಕವನ್ನು ಅಳೆಯುವ ವಿಧಾನವನ್ನು ಕಂಡುಹಿಡಿದನು. ಆಹಾರಧಾನ್ಯಗಳಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ತಿಳಿಯಲು ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. 1900ರಲ್ಲಿ ಕೆಲ್ಡಾಲನು ತೀರಿಕೊಂಡನು. ಮರುವರ್ಷ ಅವನ ಸ್ಥಾನಕ್ಕೆ ಬಂದವನೇ ಸೋರೆನ್ ಪೀಟರ್ ಲೌರಿಟ್ಸ್ ಸೋರೆನ್‌ಸೆನ್.

ಸೋರೆನ್‌ಸೆನ್ನನು ಹುಟ್ಟಿದ್ದು 1868ರ ಜನವರಿ 9ರಂದು, ಹಾವ್ರೆಬ್ಯೆರ್ಗ್ ಎಂಬ ಹಳ್ಳಿಯ ಒಂದು ರೈತ ಮನೆತನದಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ ವೈದ್ಯನಾಗಬೇಕೆಂಬ ಉದ್ದೇಶದಿಂದ ಆತನು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಆದರೆ ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಎಸ್. ಎಂ. ಯೋರ್ಗೆನ್‌ಸೆನ್ನನ ಪ್ರಭಾವಕ್ಕೆ ಒಳಗಾಗಿ ವೈದ್ಯವಿದ್ಯೆಯನ್ನು ಬಿಟ್ಟು ರಸಾಯನದ ಕಡೆಗೆ ತಿರುಗಿದನು. ವಿದ್ಯಾರ್ಥಿದೆಸೆಯಲ್ಲಿಯೇ ತನ್ನ ಪ್ರಬಂಧಗಳಿಗಾಗಿ ಚಿನ್ನದ ಪದಕಗಳನ್ನು ಪಡೆದನು. ಅನಂತರದ ವರ್ಷಗಳಲ್ಲಿ ದೇಶದ ಭೂವಿಜ್ಞಾನ ಸಮೀಕ್ಷೆಗೆ ನೆರವಾಗುವುದು, ತಾಂತ್ರಿಕ ವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ದುಡಿಯುವುದು, ನೌಕಾಪಡೆಯ ಹಡಗುಕಟ್ಟೆಗೆ ಸಲಹೆಗಾರನಾಗಿರುವುದು, ಹೀಗೆ ಹಲವು ಕೆಲಸಗಳನ್ನು ಮಾಡಿದನು. ಕೋಬಾಲ್ಟ್ ಲೋಹದ ಸಂಯುಕ್ತಗಳನ್ನು ಕುರಿತ ಸಂಶೋಧನೆಗಾಗಿ 1899ರಲ್ಲಿ ಅವನಿಗೆ ಡಾಕ್ಟರೇಟ್ ಪದವಿ ದೊರೆಯಿತು.

ಲೋಹಗಳ ಲವಣಗಳಲ್ಲಿ ಪಳಗಿದ ಈ ಕೈಗೆ ಕಾರ್ಲ್ಸ್‌ಬರ್ಗ್‌ನಲ್ಲಿ ಎದುರಾದದ್ದು ಬೇರೆಯೇ ಬಗೆಯ ವಸ್ತುಗಳು. ಮೊಳೆತ ಬಾರ್ಲಿ, ಯೀಸ್ಟ್, ಪ್ರೋಟೀನುಗಳು, ಅವುಗಳನ್ನು ಒಡೆಯುವ ಕಿಣ್ವಗಳು ಇವೆಲ್ಲ ಜೀವಿಗಳಿಗೆ ಸೇರಿದವು. ಹರಳುಗಟ್ಟಿ ಸುಲಭವಾಗಿ ಕೈಗೆ ಸಿಕ್ಕುವಂಥವಲ್ಲ. ಸೋರೆನ್‌ಸೆನ್ನನು ಮೊದಲು ಪ್ರೋಟೀನುಗಳ ಮೂಲಘಟಕಗಳಾದ ಅಮೈನೋ ಆಮ್ಲಗಳನ್ನು ಅಭ್ಯಾಸ ಮಾಡಿದನು. ಅಮೈನೋ ಆಮ್ಲದ ಅಣುವಿನ ಸ್ವಭಾವ ವಿಚಿತ್ರವಾದುದು. ಅದರ ಒಂದು ತುದಿ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುವ ಆಮ್ಲ; ಇನ್ನೊಂದು ತುದಿ ಅದೇ ಅಯಾನನ್ನು ಸ್ವೀಕರಿಸುವ ಪ್ರತ್ಯಾಮ್ಲ. ಆದ್ದರಿಂದ ಕ್ಷಾರವನ್ನು ಹಾಕುತ್ತ ಅದರ ಆಮ್ಲಾಂಶವನ್ನು ನೇರವಾಗಿ ಅಳೆಯಲು ಹೋದರೆ ಲೆಕ್ಕ ಸಿಕ್ಕುವುದಿಲ್ಲ. ಫಾರ್ಮಾಲಿನ್ ದ್ರಾವಣವನ್ನು ಬೆರೆಸಿದರೆ ಅದು ಪ್ರತ್ಯಾಮ್ಲದ ತುದಿಯನ್ನು ಹಿಡಿದಿಟ್ಟುಕೊಳ್ಳುತ್ತದೆ; ಆಗ ಆಮ್ಲದ ತುದಿ ಮಾತ್ರ ಉಳಿದು ಅಳತೆಗೆ ಸಿಕ್ಕುತ್ತದೆ. 1907ರಲ್ಲಿ ಪ್ರಕಟವಾದ ಈ ವಿಧಾನದಿಂದ, ಕಿಣ್ವವೊಂದು ಪ್ರೋಟೀನನ್ನು ಎಷ್ಟರಮಟ್ಟಿಗೆ ಒಡೆದಿದೆಯೆಂಬುದನ್ನು ಹಂತ ಹಂತವಾಗಿ ತಿಳಿಯುವುದು ಸಾಧ್ಯವಾಯಿತು.

ಅಷ್ಟರಲ್ಲಿ ದೊಡ್ಡ ತೊಡಕೊಂದು ತಲೆದೋರಿತ್ತು. ಕಿಣ್ವಗಳ ಕೆಲಸವು ದ್ರಾವಣದ ಆಮ್ಲತೆಯನ್ನು ಅವಲಂಬಿಸಿದೆಯೆಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. ಆದರೆ ಒಬ್ಬ ಸಂಶೋಧಕನಿಗೆ ಬಂದ ಫಲಿತಾಂಶ ಇನ್ನೊಬ್ಬನಿಗೆ ಬರುತ್ತಿರಲಿಲ್ಲ. ಇಷ್ಟು ಆಮ್ಲವನ್ನು ಸೇರಿಸಿದಾಗ ಕ್ರಿಯೆ ಚುರುಕಾಯಿತೆಂದು ಒಬ್ಬನು ಬರೆದರೆ, ಅಷ್ಟೇ ಆಮ್ಲವನ್ನು ಸೇರಿಸಿದ ಮತ್ತೊಬ್ಬನಿಗೆ ಅದು ಮಂದವಾಗಿ ಕಾಣುತ್ತಿತ್ತು. ಇಬ್ಬರೂ ಪ್ರಾಮಾಣಿಕರೇ, ಇಬ್ಬರೂ ನಿಪುಣರೇ. ಹೀಗಿರುವಾಗ ಯಾರ ಮಾತನ್ನು ನಂಬುವುದು? ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ಮಾಡಿ ಒರೆಹಚ್ಚಲು ಬಾರದಿದ್ದಲ್ಲಿ ವಿಜ್ಞಾನವು ಮುಂದೆ ಸಾಗಲಾರದು.

ಸೋರೆನ್‌ಸೆನ್ನನು ಈ ಗೊಂದಲದ ಮೂಲವನ್ನು ಹುಡುಕಿದನು. ಎಲ್ಲರೂ ತಾವು ಸೇರಿಸಿದ ಆಮ್ಲದ ಮೊತ್ತವನ್ನು ಬರೆದಿಡುತ್ತಿದ್ದರೇ ಹೊರತು, ಕೊನೆಗೆ ದ್ರಾವಣದಲ್ಲಿ ಬಿಡಿಯಾಗಿ ಉಳಿದ ಹೈಡ್ರೋಜನ್ ಅಯಾನುಗಳೆಷ್ಟೆಂಬುದನ್ನು ನೋಡುತ್ತಿರಲಿಲ್ಲ. ಇವೆರಡಕ್ಕೂ ಇರುವ ಅಂತರ ಸಣ್ಣದಲ್ಲ. ಸ್ವೀಡನ್ನಿನ ಸ್ವಾಂಟೆ ಅರ‍್ಹೇನಿಯಸ್ಸನು 1880ರ ದಶಕದಲ್ಲಿ ಮಂಡಿಸಿದ ಸಿದ್ಧಾಂತದಂತೆ, ಆಮ್ಲಗಳು ನೀರಿನಲ್ಲಿ ಕರಗಿದಾಗ ವಿಯೋಜನೆ ಹೊಂದಿ ಹೈಡ್ರೋಜನ್ ಅಯಾನುಗಳನ್ನು ಕೊಡುತ್ತವೆ. ಆದರೆ ಎಲ್ಲ ಆಮ್ಲಗಳೂ ಇದನ್ನು ಒಂದೇ ಉದಾರತೆಯಿಂದ ಕೊಡುವುದಿಲ್ಲ. ಒಂದು ಪಾತ್ರೆಯಲ್ಲಿ ಡೆಸಿನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವೂ, ಇನ್ನೊಂದರಲ್ಲಿ ಅಷ್ಟೇ ಪ್ರಬಲತೆಯ ಅಸಿಟಿಕ್ ಆಮ್ಲವೂ ಇವೆಯೆಂದು ಭಾವಿಸೋಣ. ವಿನೆಗರಿಗೆ ಹುಳಿಯನ್ನು ಕೊಡುವುದು ಈ ಎರಡನೆಯ ಆಮ್ಲವೇ. ಎರಡನ್ನೂ ತಟಸ್ಥಗೊಳಿಸಲು ಬೇಕಾಗುವ ಕ್ಷಾರ ಸರಿಸಮಾನ. ಆದರೂ ಮೊದಲನೆಯದರಲ್ಲಿ ಬಹುಮಟ್ಟಿಗೆ ಎಲ್ಲ ಅಣುಗಳೂ ಒಡೆದಿರುತ್ತವೆ. ಎರಡನೆಯದರಲ್ಲಿ 1000 ಅಣುಗಳಲ್ಲಿ ಸುಮಾರು 13 ಮಾತ್ರ ಒಡೆದಿರುತ್ತವೆ. ಬಿಡಿ ಹೈಡ್ರೋಜನ್ ಅಯಾನುಗಳನ್ನು ಎಣಿಸಿದರೆ ಮೊದಲನೆಯ ಪಾತ್ರೆಯಲ್ಲಿ 70 ಪಟ್ಟಿಗೂ ಹೆಚ್ಚು.

ದುರ್ಬಲ ಆಮ್ಲದ ನಡತೆಯನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಹೈಡ್ರೋಜನ್ ಅಯಾನು ಎಂದರೆ ಒಂದು ಪ್ರೋಟಾನ್. ಅಸಿಟಿಕ್ ಆಮ್ಲದ ಅಣು ತನ್ನ ಪ್ರೋಟಾನನ್ನು ಬಿಡುತ್ತಲೂ ಇರುತ್ತದೆ, ಮರಳಿ ಪಡೆಯುತ್ತಲೂ ಇರುತ್ತದೆ. ದ್ರಾವಣದಲ್ಲಿ ಪ್ರೋಟಾನುಗಳ ಸಂದಣಿ ಹೆಚ್ಚಾದರೆ, ಅದನ್ನು ಕಳೆದುಕೊಂಡಿದ್ದ ಅಣುಗಳು ಮತ್ತೆ ಪಡೆದುಕೊಳ್ಳುತ್ತವೆ; ಸಂದಣಿ ಕಡಮೆಯಾದರೆ ಪಡೆದಿದ್ದ ಅಣುಗಳೂ ಬಿಟ್ಟುಕೊಡುತ್ತವೆ. ಹೀಗಾಗಿ ಅಣುವು ಪ್ರೋಟಾನಿನೊಡನೆ ಇರುವುದೋ ಅದನ್ನು ತೊರೆದಿರುವುದೋ ಎಂಬುದನ್ನು ನಿರ್ಣಯಿಸುವುದು ಅದರ ಸುತ್ತಲಿನ ದ್ರಾವಣದ ಆಮ್ಲತೆ.

ಇದಕ್ಕೆ ದೃಷ್ಟಾಂತ ದೂರದಲ್ಲಿಲ್ಲ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣವನ್ನು ಬೆರೆಸಿದೊಡನೆ ಅದು ಕೆಂಪಾಗುತ್ತದೆ. ನಿಂಬೆಯ ರಸವನ್ನು ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನದ ಬಣ್ಣವು ತಾನೇ ಒಂದು ದುರ್ಬಲ ಆಮ್ಲ. ಸುಣ್ಣದ ನೀರಿನಲ್ಲಿ ಅದು ಪ್ರೋಟಾನನ್ನು ಕಳೆದುಕೊಂಡು ಕೆಂಪಾಗುತ್ತದೆ. ಹುಳಿಯಲ್ಲಿ ಅದನ್ನು ಮರಳಿ ಪಡೆದು ಹಳದಿಯಾಗುತ್ತದೆ. ಅರಿಶಿನವನ್ನು ಲೇಪಿಸಿದ ಕಾಗದವು ಯೂರೋಪಿನ ರಸಾಯನಜ್ಞರ ಮೇಜಿನ ಮೇಲೆ ಕ್ಷಾರವನ್ನು ಗುರುತಿಸುವ ಸೂಚಕವಾಗಿ ಬಹುಕಾಲದಿಂದ ಇದ್ದಿತು.

ಕಿಣ್ವಗಳೂ ಪ್ರೋಟೀನುಗಳೇ ಎಂಬುದು ಆಗ ಖಚಿತವಾಗಿರಲಿಲ್ಲ. ಪ್ರೋಟೀನಿನ ಒಂದೊಂದು ಅಣುವಿನಲ್ಲಿಯೂ ಪ್ರೋಟಾನನ್ನು ಬಿಡುವ ಮತ್ತು ಹಿಡಿಯುವ ತಾಣಗಳು ಹಲವಾರು ಇರುತ್ತವೆ. ಸಂಶೋಧಕನು ಸುರಿದ ಆಮ್ಲದ ಬಹುಪಾಲನ್ನು ಈ ತಾಣಗಳೂ ದ್ರಾವಣದಲ್ಲಿದ್ದ ಫಾಸ್ಫೇಟ್ ಮೊದಲಾದ ಲವಣಗಳೂ ನುಂಗಿಬಿಡುತ್ತಿದ್ದವು. ಇಬ್ಬರು ಸಮಾನವಾಗಿ ಸುರಿದರೂ ಒಬ್ಬನ ದ್ರಾವಣದಲ್ಲಿ ಉಳಿಯುತ್ತಿದ್ದ ಬಿಡಿ ಪ್ರೋಟಾನುಗಳು ಬಹಳ, ಇನ್ನೊಬ್ಬನದರಲ್ಲಿ ಅತ್ಯಲ್ಪ. ಅವರ ಫಲಿತಾಂಶಗಳು ಹೊಂದದೆ ಹೋದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಸುರಿದುದನ್ನು ಅಳೆಯದೆ ಉಳಿದುದನ್ನು ಅಳೆಯಬೇಕೆಂದು ಸೋರೆನ್‌ಸೆನ್ನನು ನಿಶ್ಚಯಿಸಿದನು. ಅದಕ್ಕೆ ಅವನು ಎರಡು ದಾರಿಗಳನ್ನು ಹಿಡಿದನು. ಮೊದಲನೆಯದು ಹೈಡ್ರೋಜನ್ ವಿದ್ಯುದ್ವಾರ. ಪ್ಲಾಟಿನಮ್ ಲೋಹದ ಮೇಲೆ ಹೈಡ್ರೋಜನ್ ಅನಿಲವನ್ನು ಹಾಯಿಸಿ ದ್ರಾವಣದಲ್ಲಿ ಅದ್ದಿದರೆ, ಅಲ್ಲಿ ಉಂಟಾಗುವ ವಿದ್ಯುತ್ ವಿಭವವು ಹೈಡ್ರೋಜನ್ ಅಯಾನುಗಳ ಸಾಂದ್ರತೆಯನ್ನು ಅನುಸರಿಸಿ ಬದಲಾಗುತ್ತದೆ. ಇದರ ಸೂತ್ರವನ್ನು ಜರ್ಮನಿಯ ವಾಲ್ಟರ್ ನರ್ನ್‌ಸ್ಟನು 1889ರಲ್ಲಿ ಕೊಟ್ಟಿದ್ದನು. ಈ ದಾರಿ ನಿಖರವಾದುದು, ಆದರೆ ಬಹಳ ತಾಳ್ಮೆಯನ್ನು ಬೇಡುವಂಥದು. ಎರಡನೆಯದು ಬಣ್ಣದ ದಾರಿ. ಅನೇಕ ವರ್ಣದ್ರವ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದು ಎಷ್ಟು ಆಮ್ಲತೆಯಲ್ಲಿ ಬಣ್ಣವನ್ನು ಬದಲಿಸುತ್ತದೆಯೆಂದು ವಿದ್ಯುದ್ವಾರದ ನೆರವಿನಿಂದ ಗೊತ್ತುಮಾಡಿದನು. ಪ್ರೋಟೀನುಗಳ ಸಮ್ಮುಖದಲ್ಲಿ ಕೆಲವು ಬಣ್ಣಗಳು ಮೋಸ ಮಾಡುತ್ತವೆಯೆಂಬುದನ್ನು ತೋರಿಸಿ, ಅಂಥವನ್ನು ಬಳಸುವವರಿಗೆ ಎಚ್ಚರಿಕೆಯನ್ನೂ ನೀಡಿದನು.

ಇನ್ನು ಉಳಿದದ್ದು ಅಂಕಿಗಳ ತೊಂದರೆ. ಶುದ್ಧವಾದ ಒಂದು ಲೀಟರು ನೀರಿನಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳ ತೂಕ ಒಂದು ಗ್ರಾಮಿನ ಸುಮಾರು ಒಂದು ಕೋಟಿಯಲ್ಲೊಂದು ಭಾಗ. ಹುಳಿ ಹೆಚ್ಚಿದಂತೆ ಇದು ಸಾವಿರದಲ್ಲೊಂದು, ನೂರರಲ್ಲೊಂದು ಆಗುತ್ತ ಹೋಗುತ್ತದೆ. ಇಷ್ಟೊಂದು ಸೊನ್ನೆಗಳನ್ನು ಪ್ರತಿಸಲವೂ ಬರೆಯುವ ಬದಲು ಹತ್ತರ ಘಾತಸೂಚಿಯೊಂದನ್ನೇ, ಅದರ ಋಣ ಚಿಹ್ನೆಯನ್ನು ಬಿಟ್ಟು, ಬರೆದರೆ ಸಾಕೆಂದು ಸೋರೆನ್‌ಸೆನ್ನನು ಸೂಚಿಸಿದನು. ಕೋಟಿಯಲ್ಲೊಂದು ಭಾಗಕ್ಕೆ 7. ಸಾವಿರದಲ್ಲೊಂದು ಭಾಗಕ್ಕೆ 3. ಇದೇ ಪಿಎಚ್. ಆಮ್ಲತೆ ಹೆಚ್ಚಿದಷ್ಟೂ ಅಂಕಿ ಕಡಮೆಯಾಗುವ ಈ ತಲೆಕೆಳಗಿನ ಲೆಕ್ಕ ಅಂದಿನಿಂದ ಇಂದಿನವರೆಗೆ ವಿದ್ಯಾರ್ಥಿಗಳನ್ನು ಕಾಡುತ್ತಲೇ ಬಂದಿದೆ. ಒಂದು ಮೆಟ್ಟಿಲು ಇಳಿದರೆ ಆಮ್ಲತೆ ಒಂದರಷ್ಟಲ್ಲ, ಹತ್ತು ಪಟ್ಟು ಏರುತ್ತದೆಂಬುದನ್ನೂ ಮರೆಯುವಂತಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಈ ಅಂಕಿ ಬಹು ಸಹಜವಾಗಿಯೇ ಒದಗುತ್ತದೆ. ಪಿಎಚ್ ಒಂದು ಮೆಟ್ಟಿಲು ಬದಲಾದಾಗಲೆಲ್ಲ ವಿದ್ಯುದ್ವಾರದ ವಿಭವವು ಸಮನಾಗಿ, 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 58 ಮಿಲಿವೋಲ್ಟಿನಷ್ಟು, ಬದಲಾಗುತ್ತದೆ.

ಈ ವಿಚಾರಗಳೆಲ್ಲವನ್ನೂ ಒಳಗೊಂಡ ಸುದೀರ್ಘ ಪ್ರಬಂಧವು 1909ರಲ್ಲಿ ಪ್ರಕಟವಾಯಿತು. ಅದರ ವಿಷಯ ಪಿಎಚ್ ಅಲ್ಲ, ಕಿಣ್ವಗಳು. ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್, ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್, ಜಠರದಲ್ಲಿ ಪ್ರೋಟೀನನ್ನು ಒಡೆಯುವ ಪೆಪ್ಸಿನ್, ಈ ಮೂರನ್ನು ಸೋರೆನ್‌ಸೆನ್ನನು ಪರೀಕ್ಷಿಸಿದ್ದನು. ಸೇರಿಸಿದ ಆಮ್ಲವನ್ನು ಬದಿಗಿಟ್ಟು ಬಿಡಿ ಹೈಡ್ರೋಜನ್ ಅಯಾನುಗಳನ್ನು ಎಣಿಸಿದೊಡನೆ, ಚದುರಿಹೋಗಿದ್ದ ಫಲಿತಾಂಶಗಳು ಒಂದು ಕ್ರಮಕ್ಕೆ ಬಂದವು. ಪ್ರತಿಯೊಂದು ಕಿಣ್ವಕ್ಕೂ ತನಗೆ ಒಗ್ಗುವ ಒಂದು ಪಿಎಚ್ ಇರುತ್ತದೆ; ಅದರ ಎರಡು ಬದಿಗಳಲ್ಲಿಯೂ ಅದರ ಶಕ್ತಿ ಕುಂದುತ್ತದೆ. ಯೀಸ್ಟಿನ ಇನ್ವರ್ಟೇಸ್ 4.5ರ ಆಸುಪಾಸಿನಲ್ಲಿ ಚುರುಕಾಗಿದ್ದರೆ, ಪೆಪ್ಸಿನ್‌ಗೆ 2ರ ಸಮೀಪದ ತೀಕ್ಷ್ಣವಾದ ಆಮ್ಲತೆ ಬೇಕು.

ಪ್ರಯೋಗ ನಡೆಯುವಷ್ಟು ಹೊತ್ತೂ ಆಮ್ಲತೆಯು ಏರಿಳಿಯದೆ ನಿಲ್ಲುವಂತೆ ಮಾಡುವ ಉಪಾಯವೂ ಆ ಪ್ರಬಂಧದಲ್ಲಿತ್ತು. ದುರ್ಬಲ ಆಮ್ಲವೊಂದನ್ನು ಅದರ ಲವಣದೊಂದಿಗೆ ಬೆರೆಸಿಟ್ಟರೆ, ಹೊರಗಿನಿಂದ ಬಂದ ಪ್ರೋಟಾನನ್ನು ಲವಣವು ಹಿಡಿದುಕೊಳ್ಳುತ್ತದೆ. ಕ್ಷಾರ ಬಂದರೆ ಆಮ್ಲವು ತನ್ನ ಪ್ರೋಟಾನನ್ನು ಬಿಟ್ಟುಕೊಡುತ್ತದೆ. ರೈಲಿನ ಡಬ್ಬಿಗಳ ನಡುವೆ ಧಕ್ಕೆಯನ್ನು ತಾಳಿಕೊಳ್ಳುವ ಬಫರುಗಳಂತೆ ಕೆಲಸ ಮಾಡುವ ಈ ಮಿಶ್ರಣಗಳಿಗೆ ಅದೇ ಹೆಸರು ನಿಂತಿತು. ಅವುಗಳನ್ನು ಎಷ್ಟೆಷ್ಟು ಬೆರೆಸಬೇಕೆಂಬ ಪಟ್ಟಿಗಳನ್ನು ಸೋರೆನ್‌ಸೆನ್ನನು ಸಿದ್ಧಮಾಡಿಕೊಟ್ಟನು. ಆ ಪಟ್ಟಿಯಂತೆ ಬೆರೆಸಿದ ದ್ರಾವಣದ ಆಮ್ಲತೆ ಕೋಪನ್‌ಹೇಗನ್ನಿನಲ್ಲಿ ಎಷ್ಟೋ ಬರ್ಲಿನ್ನಿನಲ್ಲಿಯೂ ಅಷ್ಟೇ. ಬರ್ಲಿನ್ನಿನಲ್ಲಿದ್ದ ಲಿಯೊನೋರ್ ಮೈಕೇಲಿಸ್ 1911ರಲ್ಲಿ ಇನ್ವರ್ಟೇಸಿನ ಚಟುವಟಿಕೆಯನ್ನು ಪಿಎಚ್‌ಗೆ ಎದುರಾಗಿ ಗುರುತಿಸಿ ನೋಡಿದನು. ದುರ್ಬಲ ಆಮ್ಲವೊಂದು ಪ್ರೋಟಾನನ್ನು ಬಿಡುವಾಗ ಕಾಣುವ ವಕ್ರರೇಖೆಯೇ ಅಲ್ಲಿಯೂ ಕಾಣಿಸಿತು. ಆತನೂ ಮಾಡ್ ಮೆಂಟನ್ ಎಂಬ ವಿದುಷಿಯೂ ಸೇರಿ 1913ರಲ್ಲಿ ಕಿಣ್ವಕ್ರಿಯೆಯ ವೇಗವನ್ನು ಕುರಿತು ಮಾಡಿದ ಪ್ರಸಿದ್ಧವಾದ ಪ್ರಯೋಗಗಳಲ್ಲಿ ಆಮ್ಲತೆಯನ್ನು ಹೀಗೆಯೇ ಸ್ಥಿರವಾಗಿಟ್ಟಿದ್ದರು.

ಕೋಪನ್‌ಹೇಗನ್ನಿನಲ್ಲಿಯೇ ಮತ್ತೊಬ್ಬನು ಈ ಅಳತೆಗೋಲನ್ನು ಮನುಷ್ಯನ ರಕ್ತಕ್ಕೆ ಅನ್ವಯಿಸಿದನು. ಅವನ ಹೆಸರು ಕಾರ್ಲ್ ಹ್ಯಾಸೆಲ್‌ಬಾಲ್ಕ್. ದುರ್ಬಲ ಆಮ್ಲ, ಅದರ ಲವಣ ಮತ್ತು ಹೈಡ್ರೋಜನ್ ಅಯಾನು ಇವುಗಳಿಗಿರುವ ಸಂಬಂಧವನ್ನು ಅಮೆರಿಕದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಸಮೀಕರಣವಾಗಿ ಬರೆದಿದ್ದನು. 1916ರಲ್ಲಿ ಹ್ಯಾಸೆಲ್‌ಬಾಲ್ಕನು ಅದನ್ನು ಪಿಎಚ್ ಭಾಷೆಗೆ ತಿರುಗಿಸಿದನು. ಅದರಿಂದ ತಿಳಿದುಬರುವ ಸಂಗತಿ ಸರಳವಾಗಿದೆ. ಪ್ರತಿಯೊಂದು ದುರ್ಬಲ ಆಮ್ಲಕ್ಕೂ ಒಂದು ನಿಗದಿಯಾದ ಪಿಎಚ್ ಇದೆ. ಆ ಬಿಂದುವಿನಲ್ಲಿ ಅದರ ಅಣುಗಳಲ್ಲಿ ಸರಿಯಾಗಿ ಅರ್ಧ ಪ್ರೋಟಾನಿನೊಡನೆಯೂ, ಉಳಿದರ್ಧ ಅದಿಲ್ಲದೆಯೂ ಇರುತ್ತವೆ. ಅಸಿಟಿಕ್ ಆಮ್ಲಕ್ಕೆ ಆ ಬಿಂದು 4.76. ಒಂದು ಮೆಟ್ಟಿಲು ಇಳಿದು 3.76ಕ್ಕೆ ಬಂದರೆ 11ರಲ್ಲಿ 10 ಅಣುಗಳು ಪ್ರೋಟಾನನ್ನು ಪಡೆದಿರುತ್ತವೆ. ಒಂದು ಮೆಟ್ಟಿಲು ಏರಿ 5.76ಕ್ಕೆ ಹೋದರೆ 11ರಲ್ಲಿ 1 ಮಾತ್ರ. 7ನ್ನು ಮುಟ್ಟುವ ವೇಳೆಗೆ 1000ದಲ್ಲಿ ಸುಮಾರು 6 ಉಳಿದಿರುತ್ತವೆ. ರಕ್ತದಲ್ಲಿ ಇದೇ ಆಟವನ್ನು ಕಾರ್ಬಾನಿಕ್ ಆಮ್ಲವೂ ಅದರಿಂದ ಹುಟ್ಟುವ ಬೈಕಾರ್ಬೊನೇಟೂ ಆಡುತ್ತವೆ. ಆರೋಗ್ಯವಂತನ ರಕ್ತದ ಪಿಎಚ್ 7.4ರ ಆಸುಪಾಸಿನಲ್ಲಿ ನಿಂತಿರುವುದು ಅವುಗಳ ಪ್ರಮಾಣ ಸರಿಯಾಗಿರುವುದರಿಂದ.

ಸೋರೆನ್‌ಸೆನ್ನನ ಮನಸ್ಸು ಮಾತ್ರ ಪ್ರೋಟೀನುಗಳಲ್ಲಿಯೇ ನೆಲೆಸಿತ್ತು. ಮಾರ್ಗ್ರೆಥೆ ಹೊಯ್‌ರುಪ್ ಎಂಬ ಸಹೋದ್ಯೋಗಿಯೊಡನೆ ಆತನು ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಆಲ್ಬುಮಿನ್ನನ್ನು ಶುದ್ಧವಾದ ಹರಳುಗಳಾಗಿ ಪಡೆದು, ಅದು ಎಷ್ಟು ಆಮ್ಲವನ್ನು ಹಿಡಿದುಕೊಳ್ಳುತ್ತದೆಯೆಂಬುದನ್ನು ಶೋಧಿಸಿದನು. ದ್ರಾವಣದ ಒತ್ತಡದಿಂದ ಲೆಕ್ಕಹಾಕಿ ಅದರ ಅಣುತೂಕ ಸುಮಾರು 34,000 ಎಂದು 1917ರಲ್ಲಿ ತಿಳಿಸಿದನು. ನಿಜವಾದ ತೂಕ ಇದಕ್ಕಿಂತ ಹೆಚ್ಚೆಂದು ಮುಂದೆ ತಿಳಿದುಬಂದಿತು; ಆದರೂ ಪ್ರೋಟೀನುಗಳು ಬೃಹತ್ತಾದ ಅಣುಗಳೆಂದು ಅಳೆದು ಹೇಳಿದ ಮೊದಲಿಗರಲ್ಲಿ ಅವನೂ ಒಬ್ಬನು. ಮಾರ್ಗ್ರೆಥೆ ಮುಂದೆ ಅವನ ಬಾಳಸಂಗಾತಿಯಾದಳು. ಸಂಶೋಧನೆಯಲ್ಲಿಯೂ ಜೊತೆಗಾತಿಯಾಗಿಯೇ ಉಳಿದಳು.

ತಾನು ಕೊಟ್ಟ ಅಳತೆಯನ್ನು ಸೋರೆನ್‌ಸೆನ್ನನು ದೇವರ ಮಾತಿನಂತೆ ಕಾಯ್ದುಕೊಳ್ಳಲಿಲ್ಲ. ವಿದ್ಯುದ್ವಾರವು ತಿಳಿಸುವುದು ಹೈಡ್ರೋಜನ್ ಅಯಾನುಗಳ ಸಂಖ್ಯೆಯನ್ನಲ್ಲ, ಅವುಗಳ ಪರಿಣಾಮಶಕ್ತಿಯನ್ನು ಎಂಬುದು ಸ್ಪಷ್ಟವಾದಾಗ, 1924ರಲ್ಲಿ ಕಾಯ್ ಲಿಂಡರ್‌ಸ್ಟ್ರೋಮ್-ಲ್ಯಾಂಗ್ ಎಂಬ ಕಿರಿಯ ಸಹೋದ್ಯೋಗಿಯೊಡನೆ ಸೇರಿ ಅದರ ವ್ಯಾಖ್ಯೆಯನ್ನು ತಾನೇ ತಿದ್ದಿದನು. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ನನು ನಿಂಬೆರಸದ ಹುಳಿಯನ್ನು ಅಳೆಯಲೆಂದು ಗಾಜಿನ ವಿದ್ಯುದ್ವಾರವುಳ್ಳ ಉಪಕರಣವೊಂದನ್ನು ರಚಿಸಿದನು. ಆಮೇಲೆ ಪಿಎಚ್ ಅಳತೆ ಯಾರ ಕೈಗಾದರೂ ಸಿಕ್ಕುವಂತಾಯಿತು. ಮಣ್ಣು, ಹಾಲು, ಕುಡಿಯುವ ನೀರು, ಔಷಧ ಎಲ್ಲಕ್ಕೂ ಅದು ಬೇಕಾಯಿತು. ಸೋರೆನ್‌ಸೆನ್ನನಿಗೆ ನೊಬೆಲ್ ಪಾರಿತೋಷಕ ದೊರೆಯಲಿಲ್ಲ. 1938ರಲ್ಲಿ ಆತನು ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಿಂದ ನಿವೃತ್ತನಾದನು. 1939ರ ಫೆಬ್ರವರಿ 12ರಂದು ತನ್ನ 71ನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್ನಿನ ಬಳಿಯ ಷಾರ್ಲೊಟೆನ್‌ಲುಂಡ್‌ನಲ್ಲಿ ತೀರಿಕೊಂಡನು.

ಅವನ ಮರಣದ 13 ವರ್ಷಗಳ ಬಳಿಕ, 1952ರಲ್ಲಿ, ಅದೇ ಕೋಪನ್‌ಹೇಗನ್ ನಗರವು ಪೋಲಿಯೊ ರೋಗದ ಭೀಕರವಾದ ದಾಳಿಗೆ ತುತ್ತಾಯಿತು. ಬ್ಲೆಗ್‌ದಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳನ್ನು ಕಳೆದುಕೊಂಡ ರೋಗಿಗಳು, ಅವರಲ್ಲಿ ಬಹುಮಂದಿ ಮಕ್ಕಳು, ದಿನೇ ದಿನೇ ಬರತೊಡಗಿದರು. ಯಂತ್ರದ ನೆರವಿನಿಂದ ಉಸಿರಾಡಿಸಿದ ಮೊದಲ 31 ಮಂದಿಯಲ್ಲಿ 27 ಮಂದಿ ಸತ್ತರು. ಅವರ ರಕ್ತವನ್ನು ಪರೀಕ್ಷಿಸಿದಾಗ ಬೈಕಾರ್ಬೊನೇಟಿನ ಮೊತ್ತ ತೀರ ಹೆಚ್ಚಾಗಿ ಕಂಡಿತು. ಬೈಕಾರ್ಬೊನೇಟ್ ಕ್ಷಾರಗುಣದ್ದಾದುದರಿಂದ, ರಕ್ತವು ಯಾವುದೋ ಅರಿಯದ ಕಾರಣದಿಂದ ಕ್ಷಾರವಾಗುತ್ತಿದೆಯೆಂದು ವೈದ್ಯರು ಭಾವಿಸಿದರು. ಮೊತ್ತವನ್ನು ನೋಡಿ ಆಮ್ಲತೆಯನ್ನು ಊಹಿಸುವ ಹಳೆಯ ರೂಢಿ ಇಲ್ಲಿ ಮತ್ತೆ ತಲೆಯೆತ್ತಿತ್ತು. ಈ ಸಲ ಅದರ ಬೆಲೆ ಮಕ್ಕಳ ಪ್ರಾಣವಾಗಿತ್ತು.

ಬಿಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನು ಇದನ್ನು ಒಪ್ಪಲಿಲ್ಲ. ರೋಗಿಗಳು ಸಾಕಷ್ಟು ಉಸಿರು ಬಿಡಲಾರದೆ ಇಂಗಾಲದ ಡೈ ಆಕ್ಸೈಡು ರಕ್ತದಲ್ಲಿಯೇ ಸೇರಿಕೊಂಡು ಕಾರ್ಬಾನಿಕ್ ಆಮ್ಲವಾಗುತ್ತಿದೆ, ಬೈಕಾರ್ಬೊನೇಟ್ ಹೆಚ್ಚಿರುವುದು ಅದರ ಫಲವೇ ಹೊರತು ಕ್ಷಾರದ ಗುರುತಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಆಸ್ಪತ್ರೆಯ ಪ್ರಯೋಗಶಾಲೆಯ ಮುಖ್ಯಸ್ಥನಾಗಿದ್ದ ಪೌಲ್ ಆಸ್ಟ್ರುಪ್ ರಕ್ತದ ಪಿಎಚ್ ಅನ್ನೇ ನೇರವಾಗಿ ಅಳೆದನು. ಅದು 7.4ಕ್ಕಿಂತ ಬಹಳ ಕೆಳಗಿತ್ತು. ರಕ್ತವು ಕ್ಷಾರವಾಗಿರಲಿಲ್ಲ, ಆಮ್ಲವಾಗಿತ್ತು. ಆಗಸ್ಟ್ 27ರಂದು ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆಯನ್ನಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಇಬ್ಸೆನ್ ಅವಳನ್ನು ಉಸಿರಾಡಿಸಿದನು. ಅವಳು ಬದುಕಿದಳು. ಅಷ್ಟೊಂದು ರೋಗಿಗಳಿಗೆ ಒದಗುವ ಯಂತ್ರಗಳು ಇರಲಿಲ್ಲವಾದ್ದರಿಂದ ಸುಮಾರು 1500 ವೈದ್ಯವಿದ್ಯಾರ್ಥಿಗಳು ಸರದಿಯಂತೆ ಹಾಸಿಗೆಗಳ ಬಳಿ ಕುಳಿತು, ತಿಂಗಳುಗಟ್ಟಲೆ, ಹಗಲಿರುಳೂ ಚೀಲಗಳನ್ನು ಒತ್ತಿದರು. ಚಳಿಗಾಲ ಮುಗಿಯುವ ವೇಳೆಗೆ ಅಂಥ ರೋಗಿಗಳಲ್ಲಿ ಸಾಯುವವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು.